ಹಳೆಯ ಕಾರುಗಳಿಗೆ ಪೆಟ್ರೋಲಿನ ಆಕ್ಟೇನ್ ಆಯ್ಕೆ

ಆಕ್ಟೇನ್ ಸಂಖ್ಯೆ ಎಂಬುದು ಇಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ಒತ್ತಡವನ್ನೂ ಉಷ್ಣವನ್ನೂ ತಾಳಬಲ್ಲದು ಎಂಬುದನ್ನು ಸೂಚಿಸುವ ಮಾನ. ಇದು ಇಂಧನದ ಶುದ್ಧತೆಯ ಅಳತೆಯಲ್ಲ. ಅದರಲ್ಲಿರುವ ಶಕ್ತಿಯ ಅಳತೆಯೂ ಅಲ್ಲ. ಕಾರ್ಬ್ಯುರೇಟರ್ ಹೊಂದಿರುವ, ವಿದ್ಯುನ್ಮಾನ ನಿಯಂತ್ರಣವಿಲ್ಲದ ಹಳೆಯ ಕಾರುಗಳು ತಮಗೆ ಸಿಕ್ಕ ಇಂಧನಕ್ಕೆ ತಾವಾಗಿ ಹೊಂದಿಕೊಳ್ಳಲಾರವು. ಆದ್ದರಿಂದ ಅವುಗಳ ವಿಷಯದಲ್ಲಿ ಸರಿಯಾದ ಆಕ್ಟೇನ್ ಯಾವುದು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಭಾರತದಲ್ಲಿ 1990ರ ದಶಕಕ್ಕಿಂತ ಮೊದಲು ತಯಾರಾದ ಬಹುತೇಕ ಪೆಟ್ರೋಲ್ ಕಾರುಗಳಿಗೆ ಇಂದಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಧಾರಾಳವಾಗಿ ಸಾಕಾಗುತ್ತದೆ. ಅಂಥ ಕಾರುಗಳ ನಿಜವಾದ ತೊಂದರೆಗಳು ಬಹುಮಟ್ಟಿಗೆ ಬೇರೆಡೆ ಇವೆ: ಜ್ವಲನದ ಸಮಯ, ಕವಾಟಗಳ ಆಸನ ಮತ್ತು ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್.

ನಾಕಿಂಗ್

ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿದಾಗ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಜ್ವಾಲೆ ಆರಂಭವಾಗಿ ಸಿಲಿಂಡರಿನ ಆಚೆಯ ಅಂಚಿನವರೆಗೆ ಕ್ರಮವಾಗಿ ಹರಡಬೇಕು. ಜ್ವಾಲೆ ತಲುಪುವ ಮೊದಲೇ ಅಂಚಿನಲ್ಲಿ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖದಿಂದ ಒಮ್ಮೆಲೇ ಸ್ಫೋಟಿಸಿದರೆ ಲೋಹದ ಡಬ್ಬಿಯಲ್ಲಿ ಸಣ್ಣ ಕಲ್ಲುಗಳನ್ನು ಅಲ್ಲಾಡಿಸಿದಂತಹ ಕಟಕಟ ಸದ್ದು ಕೇಳುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ. ಅಪರೂಪಕ್ಕೊಮ್ಮೆ ಕೇಳುವ ಸಣ್ಣ ಸದ್ದಿನಿಂದ ಹಾನಿಯಿಲ್ಲ. ಆದರೆ ಅದು ನಿರಂತರವಾಗಿದ್ದರೆ ಪಿಸ್ಟನ್ನಿನ ತಲೆ ಸವೆದು ಕುಳಿ ಬೀಳಬಹುದು, ರಿಂಗುಗಳು ಕೂರುವ ಅಂಚುಗಳು ಮುರಿಯಬಹುದು, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಬಹುದು. ಹೊಸ ಕಾರುಗಳಲ್ಲಿ ನಾಕಿಂಗ್ ಗುರುತಿಸುವ ಸಂವೇದಕವಿದ್ದು, ಕಂಪ್ಯೂಟರು ಕಿಡಿಯ ಸಮಯವನ್ನು ಕೂಡಲೇ ಹಿಂದಕ್ಕೆ ಸರಿಸುತ್ತದೆ. ಹಳೆಯ ಕಾರಿನಲ್ಲಿ ಆ ಕೆಲಸ ಚಾಲಕನ ಕಿವಿಯದು.

ಆಕ್ಟೇನ್ ಅಳತೆಯಲ್ಲಿ ಎರಡು ಶುದ್ಧ ಹೈಡ್ರೋಕಾರ್ಬನ್‌ಗಳನ್ನು ಮಾನದಂಡವಾಗಿ ಇಟ್ಟುಕೊಳ್ಳಲಾಗಿದೆ. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋ-ಆಕ್ಟೇನಿಗೆ 100, ಸುಲಭವಾಗಿ ನಾಕ್ ಆಗುವ ನಾರ್ಮಲ್ ಹೆಪ್ಟೇನಿಗೆ 0. ಒಂದು ಪೆಟ್ರೋಲಿನ ಆಕ್ಟೇನ್ 91 ಎಂದರೆ, ಪರೀಕ್ಷಾ ಇಂಜಿನ್ನಿನಲ್ಲಿ ಅದು 91 ಭಾಗ ಐಸೋ-ಆಕ್ಟೇನ್ ಮತ್ತು 9 ಭಾಗ ಹೆಪ್ಟೇನಿನ ಮಿಶ್ರಣದಂತೆ ವರ್ತಿಸಿತು ಎಂದಷ್ಟೇ ಅರ್ಥ. 1920ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಈ ಅಳತೆಗೋಲನ್ನು ರೂಪಿಸಿದರು.

ಪರೀಕ್ಷೆಯಲ್ಲಿ ಎರಡು ವಿಧಗಳಿವೆ. ಸಂಶೋಧನಾ ಆಕ್ಟೇನ್ ಸಂಖ್ಯೆಯನ್ನು (ಆರ್‌ಒಎನ್) ನಿಮಿಷಕ್ಕೆ 600 ಸುತ್ತುಗಳ ಸೌಮ್ಯ ಸ್ಥಿತಿಯಲ್ಲಿಯೂ, ಮೋಟಾರು ಆಕ್ಟೇನ್ ಸಂಖ್ಯೆಯನ್ನು (ಎಂಒಎನ್) 900 ಸುತ್ತುಗಳಲ್ಲಿ, ಬಿಸಿಯಾದ ಮಿಶ್ರಣದೊಂದಿಗೆ, ಹೆಚ್ಚು ಕಠಿಣ ಸ್ಥಿತಿಯಲ್ಲಿಯೂ ಅಳೆಯುತ್ತಾರೆ. ಭಾರತದಲ್ಲಿ ಬಂಕುಗಳ ಮೇಲೆ ಕಾಣುವುದು ಮೊದಲನೆಯದು. ಅಮೆರಿಕದಲ್ಲಿ ಎರಡರ ಸರಾಸರಿಯನ್ನು ಬರೆಯುತ್ತಾರೆ. ಹೀಗಾಗಿ ಅಲ್ಲಿನ 87 ಎಂಬುದು ಇಲ್ಲಿನ 91ಕ್ಕೆ ಸರಿಸುಮಾರು ಸಮ. ಹಳೆಯ ಬ್ರಿಟಿಷ್ ಕಾರುಗಳ ಕೈಪಿಡಿಗಳಲ್ಲಿ ಸಂಖ್ಯೆಯ ಬದಲು ನಕ್ಷತ್ರಗಳಿರುತ್ತವೆ: ಎರಡು ನಕ್ಷತ್ರವೆಂದರೆ ಸುಮಾರು 90 ಆರ್‌ಒಎನ್, ನಾಲ್ಕು ನಕ್ಷತ್ರವೆಂದರೆ ಸುಮಾರು 97. ಆಮದಾದ ಹಳೆಯ ಕಾರಿನ ಕೈಪಿಡಿ ಓದುವವರು ಯಾವ ದೇಶದ ಅಳತೆ ಎಂಬುದನ್ನು ಮೊದಲು ನೋಡಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಸಂಪೀಡನ ಅನುಪಾತ

ಒಂದು ಇಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಸಂಪೀಡನ ಅನುಪಾತ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ. ಒತ್ತಿದಷ್ಟೂ ಶಾಖ ಏರುತ್ತದೆ, ನಾಕಿಂಗ್ ಭಯವೂ ಏರುತ್ತದೆ. ಒರಟು ಅಂದಾಜಿನಲ್ಲಿ ಹಳೆಯ ವಿನ್ಯಾಸದ 7:1 ಇಂಜಿನ್ನಿಗೆ 80ರ ಆಸುಪಾಸಿನ ಪೆಟ್ರೋಲ್ ಸಾಕು. 8:1ಕ್ಕೆ 80ರ ದಶಕದ ಮೇಲಂಚಿನದು ಬೇಕಾದೀತು. 9:1 ದಾಟಿದಾಗ 91ಕ್ಕಿಂತ ಹೆಚ್ಚಿನದರ ಅಗತ್ಯ ತಲೆದೋರಬಹುದು. ದಹನಕೋಣೆಯ ಆಕಾರ, ಸಿಲಿಂಡರ್ ಹೆಡ್ಡಿನ ಲೋಹ, ತಂಪುಗೊಳಿಸುವ ವ್ಯವಸ್ಥೆ ಇವೆಲ್ಲವೂ ಈ ಅಂದಾಜನ್ನು ಆಚೀಚೆ ಸರಿಸುತ್ತವೆ.

ಭಾರತದ ರಸ್ತೆಗಳಲ್ಲಿ ದೀರ್ಘಕಾಲ ಓಡಿದ ಕಾರುಗಳನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಫೋರ್ಡ್ ಮಾಡೆಲ್ ಟಿ ಕಾರಿನ ಅನುಪಾತ 4.5:1ನ್ನು ಮೀರಿರಲಿಲ್ಲ, ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನದು 6.48:1. ಬ್ರಿಟಿಷ್ ಮೋರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್ ಮತ್ತು ಇಟಲಿಯ ಫಿಯೆಟ್ 1100 ಮೂಲದ ಪ್ರೀಮಿಯರ್ ಪದ್ಮಿನಿ ಇಲ್ಲಿನ ಕಡಿಮೆ ದರ್ಜೆಯ ಪೆಟ್ರೋಲಿಗೆ ಹೊಂದುವಂತೆ 7:1ರಿಂದ 8:1ರ ಆಸುಪಾಸಿನಲ್ಲಿದ್ದವು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ 796 ಸಿಸಿ ಇಂಜಿನ್ನಿನ ಅನುಪಾತ 8.7:1. ಅಂದಿನ ಮಟ್ಟಿಗೆ ಇದು ಎತ್ತರದ ಸಂಖ್ಯೆ. ಆದರೂ ಇಂದಿನ ಸಾಮಾನ್ಯ ಪೆಟ್ರೋಲಿನ ಮಿತಿಯೊಳಗೇ ಇದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಕಾಣುವಂತಹ ಇನ್ನೂ ಹಿಂದಿನ ತಲೆಮಾರಿನ ವಾಹನಗಳ ಮಟ್ಟಿಗೆ ಆಕ್ಟೇನ್ ಒಂದು ಸಮಸ್ಯೆಯೇ ಅಲ್ಲ.

ಭಾರತದ ಪೆಟ್ರೋಲ್ ಬದಲಾದ ಬಗೆ

1980 ಮತ್ತು 1990ರ ದಶಕಗಳಲ್ಲಿ ದೇಶದಲ್ಲಿ 87 ಮತ್ತು 93 ಆಕ್ಟೇನಿನ ಎರಡು ದರ್ಜೆಗಳಿದ್ದವು. ಆಕ್ಟೇನ್ ಏರಿಸಲು ಅಗ್ಗದ ಉಪಾಯವಾಗಿ ಟೆಟ್ರಾಈಥೈಲ್ ಸೀಸವನ್ನು ಬೆರೆಸುತ್ತಿದ್ದರು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದ ಈ ಉಪಾಯ ಮಕ್ಕಳ ಮಿದುಳಿಗೂ ನರಮಂಡಲಕ್ಕೂ ಮಾಡಿದ ಹಾನಿ ಜಗತ್ತಿಗೆ ಮನವರಿಕೆಯಾಗಲು ಅರ್ಧ ಶತಮಾನ ಹಿಡಿಯಿತು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ದೊರೆಯಲಾರಂಭಿಸಿ, 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸವನ್ನು ಕೈಬಿಡಲಾಯಿತು.

ಮುಂದೆ ಮಾಲಿನ್ಯ ನಿಯಮಗಳು ಬಿಗಿಯಾದಂತೆ ಆಕ್ಟೇನ್ ಕೂಡ ಏರಿತು. ಬಿಎಸ್-2 ಹಂತದಲ್ಲಿ ಕನಿಷ್ಠ 88 ಇದ್ದದ್ದು ಬಿಎಸ್-3ರಲ್ಲಿ 91 ಆಯಿತು. ಬೆಂಗಳೂರಿನಂತಹ ದೊಡ್ಡ ನಗರಗಳಿಗೆ ಆ ಇಂಧನ 2005ರಲ್ಲಿ ಬಂದರೆ ಉಳಿದ ಊರುಗಳಿಗೆ 2010ರಲ್ಲಿ ತಲುಪಿತು. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನಕದಲ್ಲಿಯೂ ಸಾಮಾನ್ಯ ದರ್ಜೆಗೆ ಕನಿಷ್ಠ 91 ಆರ್‌ಒಎನ್, ಪ್ರೀಮಿಯಂ ದರ್ಜೆಗೆ 95 ಆರ್‌ಒಎನ್ ನಿಗದಿಯಾಗಿದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್95, ಭಾರತ್ ಪೆಟ್ರೋಲಿಯಂನ ಸ್ಪೀಡ್97 ಮುಂತಾದವು ಪ್ರೀಮಿಯಂ ಹೆಸರುಗಳು. 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ಕೂಡ ಆಯ್ದ ನಗರಗಳಿಗೆ ಬಂತು. 87ರ ಪೆಟ್ರೋಲಿನಲ್ಲಿ ಬಾಳಿದ ಅಂಬಾಸಿಡರಿಗೆ ಇಂದು ಅತ್ಯಂತ ಅಗ್ಗದ ಪೆಟ್ರೋಲ್ ಹಾಕಿಸಿದರೂ ಅದು ಹುಟ್ಟಿದ ಕಾಲದಲ್ಲಿ ಕಂಡದ್ದಕ್ಕಿಂತ ಹೆಚ್ಚಿನ ಆಕ್ಟೇನ್ ಸಿಗುತ್ತದೆ.

ಹೆಚ್ಚಿನ ಆಕ್ಟೇನಿನಿಂದ ಏನು ಸಿಗುತ್ತದೆ

ನಾಕಿಂಗ್ ಇಲ್ಲದ ಹಳೆಯ ಇಂಜಿನ್ನಿಗೆ 95 ಅಥವಾ 100 ಆಕ್ಟೇನ್ ಹಾಕಿದರೆ ಹೆಚ್ಚುವರಿ ಶಕ್ತಿಯಾಗಲಿ ಮೈಲೇಜಾಗಲಿ ಸಿಗುವುದಿಲ್ಲ. ಆಕ್ಟೇನ್ ತಡೆಯುವುದು ಅಕಾಲ ಸ್ಫೋಟವನ್ನು. ಆ ಸ್ಫೋಟವೇ ಇಲ್ಲದಿದ್ದಲ್ಲಿ ತಡೆಯುವುದಕ್ಕೆ ಏನೂ ಇಲ್ಲ. ಆಕ್ಟೇನ್ ಮತ್ತು ಶಕ್ತಿ ಬೇರೆಬೇರೆ ಎಂಬುದಕ್ಕೆ ಎಥನಾಲಿಗಿಂತ ಒಳ್ಳೆಯ ನಿದರ್ಶನವಿಲ್ಲ: ಅದರ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು, ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ. ಪ್ರೀಮಿಯಂ ಇಂಧನಗಳಲ್ಲಿ ಇಂಗಾಲದ ಕಿಟ್ಟವನ್ನು ಕಡಿಮೆ ಮಾಡುವ ಶುಚಿಕಾರಕಗಳನ್ನು ಬೆರೆಸಿರುವುದುಂಟು. ಅದು ಆಕ್ಟೇನಿಗೆ ಸಂಬಂಧಿಸದ ಬೇರೆ ಗುಣ.

ಹಾಗಾದರೆ 95 ಆಕ್ಟೇನ್ ಯಾರಿಗೆ ಬೇಕು? ಯುರೋಪ್ ಅಥವಾ ಜಪಾನಿನಿಂದ ಬಂದ, 9.5:1ಕ್ಕಿಂತ ಹೆಚ್ಚಿನ ಅನುಪಾತದ ಹಳೆಯ ಕಾರುಗಳಿಗೆ, ಟರ್ಬೊ ಇರುವವಕ್ಕೆ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಹಾಗೆಂದು ಬರೆದಿರುವವಕ್ಕೆ ಬೇಕು. ಇಂಜಿನ್ನಿನ ಮೂಲ ಅನುಪಾತವೇ ಬದಲಾಗಿದ್ದರೂ ಬೇಕಾದೀತು. ಅತಿಯಾಗಿ ಕಾದು ಬಾಗಿದ ಸಿಲಿಂಡರ್ ಹೆಡ್ಡನ್ನು ಲೇತ್ ಅಂಗಡಿಯಲ್ಲಿ ಮಟ್ಟಸ ಮಾಡಿಸುವುದು, ಗ್ಯಾರೇಜುಗಳ ಮಾತಿನಲ್ಲಿ ಹೆಡ್ ಫೇಸಿಂಗ್, ನಮ್ಮಲ್ಲಿ ಸಾಮಾನ್ಯ. ಪ್ರತಿ ಸಲವೂ ಲೋಹ ಕಡಿಮೆಯಾಗಿ ದಹನಕೋಣೆ ಕಿರಿದಾಗುತ್ತದೆ, ಅನುಪಾತ ಏರುತ್ತದೆ. ಎರಡು ಮೂರು ಬಾರಿ ಫೇಸಿಂಗ್ ಆದ ಕಾರಿನ ವಿಷಯದಲ್ಲಿ ಕೈಪಿಡಿಯ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎಲ್‌ಪಿಜಿ ಕಿಟ್ ಹಾಕಿಸಿದ ಕಾರುಗಳದ್ದು ಇನ್ನೊಂದು ಕಥೆ. ಅನಿಲದ ಆಕ್ಟೇನ್ 100ನ್ನು ಮೀರಿರುವುದರಿಂದ ಮೆಕ್ಯಾನಿಕ್ ಕಿಡಿಯ ಸಮಯವನ್ನು ಮುಂದಕ್ಕೆ ಇಟ್ಟಿರುತ್ತಾನೆ. ಅನಿಲ ಮುಗಿದು ಪೆಟ್ರೋಲಿಗೆ ಬದಲಾಯಿಸಿದೊಡನೆ ಕಟಕಟ ಸದ್ದು ಶುರುವಾಗುತ್ತದೆ, ದೂರು ಮಾತ್ರ ಪೆಟ್ರೋಲಿನ ಮೇಲೆ ಬೀಳುತ್ತದೆ.

ನಾಕಿಂಗ್ ಕೇಳಿಬಂದಾಗ

ಕಾರು ನಾಕ್ ಹೊಡೆಯುತ್ತಿದ್ದರೆ ದುಬಾರಿ ಪೆಟ್ರೋಲಿಗೆ ಹೋಗುವ ಮೊದಲು ಕಾರಣವನ್ನು ಹುಡುಕುವುದು ಲೇಸು. ಮೊದಲ ಅನುಮಾನ ಕಿಡಿಯ ಸಮಯದ ಮೇಲೆ. ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟುಗಳು ಸವೆದಂತೆ ಅಥವಾ ಬದಲಾಯಿಸಿದಾಗ ಟೈಮಿಂಗ್ ಸರಿಯುತ್ತದೆ. ಬ್ರಿಟಿಷ್ ವಿನ್ಯಾಸದ ಹಲವು ಕಾರುಗಳ ಲ್ಯೂಕಸ್ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಬೆರಳಿನಿಂದ ತಿರುಗಿಸಬಹುದಾದ ಒಂದು ಚಿಕ್ಕ ತಿರುಪು ಇರುತ್ತಿತ್ತು. ಅದರ ಬಳಿ ಎ ಮತ್ತು ಆರ್ ಎಂಬ ಗುರುತುಗಳು. ಎ ಕಡೆಗೆ ತಿರುಗಿಸಿದರೆ ಕಿಡಿ ಮುಂಚೆ, ಆರ್ ಕಡೆಗೆ ತಿರುಗಿಸಿದರೆ ತಡವಾಗಿ. ಊರಿಂದೂರಿಗೆ ಪೆಟ್ರೋಲಿನ ದರ್ಜೆ ಬದಲಾಗುತ್ತಿದ್ದ ಕಾಲದಲ್ಲಿ ಚಾಲಕನೇ ಆಕ್ಟೇನಿಗೆ ತಕ್ಕಂತೆ ಇಂಜಿನ್ನನ್ನು ಹೊಂದಿಸಿಕೊಳ್ಳಲೆಂದು ಮಾಡಿದ ಏರ್ಪಾಡು ಅದು.

ಎರಡನೆಯದು ಪಿಸ್ಟನ್ ಮತ್ತು ಹೆಡ್ಡಿನ ಮೇಲೆ ಕೂತ ಇಂಗಾಲ. ವರ್ಷಗಟ್ಟಲೆ ಊರೊಳಗಿನ ನಿಧಾನ ಓಡಾಟದಲ್ಲಿ ಅದು ದಪ್ಪಗಟ್ಟಿ ಜಾಗವನ್ನು ಕಿರಿದು ಮಾಡುತ್ತದೆ, ಕೆಂಡದಂತೆ ಕಾದು ತಾನೇ ಮಿಶ್ರಣವನ್ನು ಹೊತ್ತಿಸುತ್ತದೆ. ಚಾವಿ ತೆಗೆದ ಮೇಲೂ ಇಂಜಿನ್ ಕೆಲವು ಕ್ಷಣ ತಡವರಿಸುತ್ತ ಓಡುವುದು ಇದರ ಒಂದು ಲಕ್ಷಣ. ಇದಲ್ಲದೆ ತಪ್ಪು ಶಾಖಶ್ರೇಣಿಯ ಪ್ಲಗ್, ಕಟ್ಟಿದ ರೇಡಿಯೇಟರ್, ಇಂಧನ ಸಾಲದ ತೆಳು ಮಿಶ್ರಣ, ಕಲಬೆರಕೆ ಇವೂ ಕಾರಣಗಳಾಗಬಹುದು. ಸೀಮೆಎಣ್ಣೆಯ ಆಕ್ಟೇನ್ ತೀರ ಕಡಿಮೆಯಾದ್ದರಿಂದ ಅದು ಸ್ವಲ್ಪ ಬೆರೆತರೂ ಹಳೆಯ ಇಂಜಿನ್ ಸದ್ದಿನ ಮೂಲಕ ಹೇಳಿಬಿಡುತ್ತದೆ. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆ ಮತ್ತು ಸಾಂದ್ರತೆಯ ಪರೀಕ್ಷೆಯನ್ನು ಕೇಳುವ ಹಕ್ಕು ಗ್ರಾಹಕರಿಗಿದೆ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ರೋಲಿನ ಸಾಂದ್ರತೆ ಘನಮೀಟರಿಗೆ 720ರಿಂದ 775 ಕಿಲೋಗ್ರಾಂ ನಡುವೆ ಇರಬೇಕು.

ಇವೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಆಗ 95ರ ಪೆಟ್ರೋಲನ್ನು ಒಂದು ಟ್ಯಾಂಕ್ ಹಾಕಿ ನೋಡುವುದರಲ್ಲಿ ಅರ್ಥವಿದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಹೋಲಿಸಬೇಕು. ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಕಾರು ಹಾರುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಅಲ್ಲಲ್ಲಿ ಜೀವಂತವಾಗಿದೆ. ಇಂದಿನ ಪೆಟ್ರೋಲಿನ ಆಕ್ಟೇನನ್ನು ಗಣನೀಯವಾಗಿ ಏರಿಸುವ ಗುಣ ನ್ಯಾಫ್ತಲೀನಿಗಿಲ್ಲ; ಹರಳುಗಟ್ಟಿ ಕಾರ್ಬ್ಯುರೇಟರಿನ ಜೆಟ್ಟನ್ನು ಕಟ್ಟಿಸುವ ಗುಣ ಮಾತ್ರ ಇದೆ.

ಹವೆ ಮತ್ತು ಎತ್ತರ

ಒಂದೇ ಕಾರು ಎಲ್ಲ ಊರಿನಲ್ಲೂ ಒಂದೇ ಆಕ್ಟೇನ್ ಕೇಳುವುದಿಲ್ಲ. ಎತ್ತರದ ಸ್ಥಳಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಸಿಲಿಂಡರಿನ ಒತ್ತಡ ತಗ್ಗುತ್ತದೆ, ಆಕ್ಟೇನಿನ ಅಗತ್ಯವೂ ತಗ್ಗುತ್ತದೆ. ಮಡಿಕೇರಿಯಲ್ಲಿ ಸದ್ದಿಲ್ಲದೆ ಓಡಿದ ಕಾರು ಘಟ್ಟ ಇಳಿದು ಮಂಗಳೂರಿನ ಸೆಕೆಯಲ್ಲಿ ನಾಕ್ ಹೊಡೆಯಬಹುದು. ಬಿಸಿಗಾಳಿ ಇದರ ಎದುರಾಗಿ ಕೆಲಸ ಮಾಡುತ್ತದೆ: ಒಳಹೋಗುವ ಗಾಳಿ ಕಾದಷ್ಟೂ ನಾಕಿಂಗ್ ಬೇಗ.

ಈ ದೃಷ್ಟಿಯಿಂದ ವಿಜಯಪುರ ಜಿಲ್ಲೆ ಒಂದು ಒಳ್ಳೆಯ ಉದಾಹರಣೆ. ವಿಜಯಪುರ ನಗರವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಅದರಿಂದ ಇಂಜಿನ್ನಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ; ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಆ ರಿಯಾಯಿತಿಯನ್ನು ಕಿತ್ತುಕೊಳ್ಳುತ್ತದೆ. ಸೊಲ್ಲಾಪುರ–ವಿಜಯಪುರ ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಇಂಡಿಯ ಕಡೆಗೆ ರಸ್ತೆ ಕವಲೊಡೆಯುವ ಝಳಕಿಯಂತಹ ಊರಿನ ಬಳಿ ಮಧ್ಯಾಹ್ನದ ಹೊತ್ತಿನಲ್ಲಿ ತುಂಬಿದ ಹಳೆಯ ಕಾರಿನೊಂದಿಗೆ ಸಾಗುವವರಿಗೆ ನಾಕಿಂಗಿಗಿಂತ ಮೊದಲು ಎದುರಾಗುವುದು ಬೇರೆಯೇ ತೊಂದರೆ: ಬಿಸಿಗೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ, ಪಂಪು ದ್ರವವನ್ನು ಎಳೆಯಲಾರದೆ ಇಂಜಿನ್ ನಿಂತುಹೋಗುವುದು. ಇದಕ್ಕೆ ಹೆಚ್ಚಿನ ಆಕ್ಟೇನ್ ಮದ್ದಲ್ಲ. ಕೊಳವೆಯನ್ನು ಎಕ್ಸಾಸ್ಟ್‌ನಿಂದ ದೂರ ಹಾಯಿಸಿ ಶಾಖ ತಾಗದಂತೆ ಮರೆಮಾಡುವುದು, ನಿಂತ ಮೇಲೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಪರಿಹಾರ.

ಈ ಭಾಗದಲ್ಲಿ ಭೀಮಾ ನದಿಯ ಆಚೆಗೆ ಮಹಾರಾಷ್ಟ್ರ. ಎರಡು ರಾಜ್ಯಗಳ ತೆರಿಗೆ ಬೇರೆಯಾದ್ದರಿಂದ ಪೆಟ್ರೋಲಿನ ಬೆಲೆಯೂ ಬೇರೆ. ಆದರೆ ಆಕ್ಟೇನಿನ ಮಾನಕವನ್ನು ಭಾರತೀಯ ಮಾನಕ ಬ್ಯೂರೋ ಇಡೀ ದೇಶಕ್ಕೆ ಒಂದಾಗಿ ನಿಗದಿಪಡಿಸುತ್ತದೆ; ಗಡಿಯ ಯಾವ ಬದಿಯಲ್ಲಿ ಹಾಕಿಸಿದರೂ 91 ಎಂದರೆ 91. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಕಾಣುವ ಟ್ರ್ಯಾಕ್ಟರುಗಳಿಗೂ ಡೀಸೆಲ್ ಜೀಪುಗಳಿಗೂ ಈ ಚರ್ಚೆ ಅನ್ವಯಿಸುವುದಿಲ್ಲ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳಬೇಕಾದ ಇಂಧನವಾದ್ದರಿಂದ ಅದನ್ನು ಅಳೆಯುವುದು ಸೀಟೇನ್ ಸಂಖ್ಯೆಯಿಂದ.

ಸೀಸ ಮತ್ತು ಕವಾಟದ ಆಸನ

ಹಳೆಯ ಕಾರಿನ ಒಡೆಯರಲ್ಲಿ ಬಹುಮಂದಿ ಬೆರೆಸಿ ನೋಡುವ ಎರಡು ವಿಷಯಗಳೆಂದರೆ ಆಕ್ಟೇನ್ ಮತ್ತು ಸೀಸ. ಸೀಸವು ಆಕ್ಟೇನ್ ಏರಿಸುವುದರ ಜೊತೆಗೆ ಎಕ್ಸಾಸ್ಟ್ ಕವಾಟ ಕೂರುವ ಆಸನದ ಮೇಲೆ ತೆಳುವಾದ ಲೇಪವಾಗಿ ಉಳಿದು ಲೋಹಕ್ಕೆ ಲೋಹ ಅಂಟದಂತೆ ಕಾಯುತ್ತಿತ್ತು. ಎರಕದ ಕಬ್ಬಿಣದ ಹೆಡ್ಡಿನಲ್ಲೇ ಆಸನವನ್ನು ಕೊರೆದ ಹಳೆಯ ಇಂಜಿನ್ನುಗಳಲ್ಲಿ ಈ ಲೇಪ ಇಲ್ಲವಾದಾಗ, ಹೆಚ್ಚು ವೇಗ ಮತ್ತು ಹೊರೆಯ ಓಟದಲ್ಲಿ ಆಸನ ಸವೆದು ಕವಾಟ ಒಳಕ್ಕೆ ಇಳಿಯುತ್ತದೆ. ಟ್ಯಾಪೆಟ್ ಅಂತರ ಮತ್ತೆ ಮತ್ತೆ ಕಡಿಮೆಯಾಗುತ್ತಿರುವುದೇ ಇದರ ಗುರುತು. 100 ಆಕ್ಟೇನಿನ ಸೀಸರಹಿತ ಪೆಟ್ರೋಲ್ ಕೂಡ ಇದನ್ನು ತಡೆಯಲಾರದು. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಆಸನಗಳನ್ನು ಕೂರಿಸುವುದು ಶಾಶ್ವತ ಪರಿಹಾರ. ಊರೊಳಗೆ ನಿಧಾನವಾಗಿ ಓಡುವ ಕಾರುಗಳಲ್ಲಿ ಸವೆತ ಬಹಳ ನಿಧಾನವಾದ್ದರಿಂದ ಅವಸರವಿಲ್ಲ.

ಎಥನಾಲ್ ಮಿಶ್ರಿತ ಪೆಟ್ರೋಲ್

ಇಂದು ಹಳೆಯ ಕಾರಿನ ಒಡೆಯರು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಸಂಖ್ಯೆ ಆಕ್ಟೇನ್ ಅಲ್ಲ, ಎಥನಾಲಿನ ಪ್ರಮಾಣ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಬಿಡುಗಡೆ ಮಾಡಲಾಯಿತು. 2025ರ ವೇಳೆಗೆ ಅದೇ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥನಾಲ್ ತಯಾರಾಗುವುದರಿಂದ ಕಬ್ಬು ಬೆಳೆಯುವ ಉತ್ತರ ಕರ್ನಾಟಕಕ್ಕೆ ಇದು ಆದಾಯದ ಪ್ರಶ್ನೆಯೂ ಹೌದು. ಎಥನಾಲಿನ ಆಕ್ಟೇನ್ ಸುಮಾರು 108.5, ಅದನ್ನು ಬೆರೆಸಿದ್ದರಿಂದ ಇ20ರ ಆಕ್ಟೇನ್ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಹೀಗಿರುವಾಗ 87ಕ್ಕೆ ತೃಪ್ತವಾಗಿದ್ದ ಇಂಜಿನ್ನಿಗೆ ಹೆಚ್ಚುವರಿ ಹಣ ಕೊಟ್ಟು ಆಕ್ಟೇನ್ ಕೊಳ್ಳುವ ಪ್ರಶ್ನೆ ಇನ್ನಷ್ಟು ಕ್ಷೀಣವಾಗುತ್ತದೆ.

ತೊಂದರೆ ಇರುವುದು ಉಳಿದ ಗುಣಗಳಲ್ಲಿ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಮೂಲಕ ಹರಿಯುವ ಮಿಶ್ರಣ ತೆಳುವಾಗುತ್ತದೆ. ಕಾರು ತಣ್ಣಗಿರುವಾಗ ಎಡವುತ್ತದೆ, ಎಳೆತ ಕುಂದುತ್ತದೆ. ಪೂರ್ತಿ ಪೆಟ್ರೋಲಿಗೆಂದು ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಲಾದ ನಾಲ್ಕು ಚಕ್ರದ ವಾಹನಗಳಲ್ಲಿ ಇ20ರಿಂದ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ಕೊಳವೆ, ಪಂಪಿನ ಪೊರೆ, ಕಾರ್ಬ್ಯುರೇಟರಿನ ವಾಷರುಗಳು ಎಥನಾಲಿನಲ್ಲಿ ಊದಿ ಬಿರಿಯುತ್ತವೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಅದು ಮೈಲೇಜಿನ ಮಾತಾಗಿ ಉಳಿಯುವುದಿಲ್ಲ, ಬೆಂಕಿಯ ಮಾತಾಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಹಬ್ಬಕ್ಕೊಮ್ಮೆ ಮದುವೆಗೊಮ್ಮೆ ಹೊರಬರುವ ಕಾರಿನ ಟ್ಯಾಂಕಿನಲ್ಲಿ ಮಳೆಗಾಲ ಕಳೆದ ಪೆಟ್ರೋಲ್ ಎರಡು ಪದರಗಳಾಗಿ ಬೇರ್ಪಟ್ಟು, ನೀರು ಬೆರೆತ ಎಥನಾಲ್ ತಳಕ್ಕಿಳಿದು ತಗಡನ್ನು ತುಕ್ಕು ಹಿಡಿಸಬಹುದು. ಮೇಲೆ ಉಳಿದ ಪೆಟ್ರೋಲ್ ತನ್ನ ಎಥನಾಲನ್ನು ಕಳೆದುಕೊಂಡದ್ದರಿಂದ ಅದರ ಆಕ್ಟೇನ್ ಕುಸಿದಿರುತ್ತದೆ. ಬಹುಕಾಲ ನಿಂತ ಕಾರು ಮೊದಲ ದಿನ ನಾಕ್ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಹಳೆಯ ಕಾರಿಗೆಂದು ಪ್ರೀಮಿಯಂ ಪೆಟ್ರೋಲಿಗೆ ತೆರುವ ಹಣವನ್ನು ಮೊದಲು ಎಥನಾಲ್ ತಾಳುವ ಕೊಳವೆಗಳಿಗೆ, ಹೊಸ ಪಂಪ್ ಕಿಟ್ಟಿಗೆ, ಟ್ಯಾಂಕಿನ ಶುಚಿಗೆ, ಮಿಶ್ರಣಕ್ಕೆ ತಕ್ಕ ಜೆಟ್ಟಿಗೆ ಬಳಸುವುದು ಹೆಚ್ಚು ಫಲದಾಯಕ. ಪ್ರೀಮಿಯಂ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಎಥನಾಲ್ ರಹಿತವೆಂದು ಭಾವಿಸುವಂತಿಲ್ಲ. ಬಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಕಾರ್ಬ್ಯುರೇಟರನ್ನು ಬರಿದು ಮಾಡಿ, ಟ್ಯಾಂಕಿನ ಪೆಟ್ರೋಲನ್ನು ಬೇರೆ ವಾಹನಕ್ಕೆ ಬಳಸಿ, ಮತ್ತೆ ಹೊರತೆಗೆಯುವಾಗ ತಾಜಾ ಪೆಟ್ರೋಲ್ ತುಂಬಿಸುವುದು ರೂಢಿ.